ಧೂಳು ಕುಡಿದ ಎಂಜಿನ್ನುಗಳು

ಲಿಂಗಸುಗೂರಿನಿಂದ ಮಸ್ಕಿ ದಾಟಿ ಸಿಂಧನೂರಿಗೆ ಬರುವ ರಸ್ತೆಯಲ್ಲಿ ಮಣ್ಣು, ಬೆಳೆ ಎರಡೂ ಬದಲಾಗುತ್ತವೆ. ಬಸ್ಸಿನಲ್ಲಿ ಕೂತವರಿಗೆ ಅದು ಕಿಟಕಿಯಾಚೆಯ ನೋಟ. ಎಂಬತ್ತರ ದಶಕದ ಕೊನೆಗೆ ಸಿಂಧನೂರಿನ ಕುಷ್ಟಗಿ ರಸ್ತೆಯ ಟ್ರ್ಯಾಕ್ಟರ್ ಗ್ಯಾರೇಜೊಂದರಲ್ಲಿ ಪಾನಾ ಹಿಡಿಯಲು ಸೇರಿದ ನಮಗೆ ಮಾತ್ರ ಅದೇ ಮೊದಲ ಪಾಠವಾಗಿತ್ತು. ಏರ್ ಕ್ಲೀನರ್‌ನ ಬಟ್ಟಲು ಬಿಚ್ಚಿ ತಳದ ರಾಡಿ ನೋಡಿದರೆ ಗಾಡಿ ಯಾವ ಕಡೆಯದೆಂದು ತಿಳಿಯುತ್ತಿತ್ತು. ಲಿಂಗಸುಗೂರಿನ ಎರೆ ಹೊಲದ್ದಾದರೆ ನುಣ್ಣಗೆ, ಕರ್ರಗೆ. ಮಸಾರಿ ನೆಲದ್ದಾದರೆ ಕೆಂಪಗೆ, ಬೆರಳಿಗೆ ಹರಳು ಹತ್ತುವಂತೆ. ಮಸ್ಕಿಯಿಂದ ಈಚೆಗಿನ ಕಾಲುವೆ ನೀರಾವರಿಯ ಗಾಡಿಯಾದರೆ ಎಣ್ಣೆಯ ಮೇಲೆ ಭತ್ತದ ಸುಂಕು ತೇಲುತ್ತಿತ್ತು. ಅಶೋಕನ ಹೆಸರಿರುವ ಶಾಸನ 1915ರಲ್ಲಿ ಸಿಕ್ಕ ಊರೆಂದು ಮಸ್ಕಿಯನ್ನು ಜಗತ್ತು ಬಲ್ಲದು. ನಮ್ಮ ಉಸ್ತಾದರಿಗೆ ಅದು ಎಂಜಿನ್ನಿನ ರೋಗ ಬದಲಾಗುವ ಗಡಿ, ಅಷ್ಟೇ.

ಆಗಿನ ಮಹೀಂದ್ರ, ಮ್ಯಾಸಿ, ಸ್ವರಾಜ್ ಗಾಡಿಗಳಲ್ಲಿ ಇದ್ದದ್ದು ಎಣ್ಣೆ ಬಟ್ಟಲಿನ ಏರ್ ಕ್ಲೀನರ್. ಗಾಳಿ ನಡುಗೊಳವೆಯಲ್ಲಿ ಇಳಿದು, ತಳದ ಎಣ್ಣೆಗೆ ಬಡಿದು, ಥಟ್ಟನೆ ಮೇಲಕ್ಕೆ ತಿರುಗಬೇಕು. ಭಾರದ ಧೂಳಿಗೆ ಆ ತಿರುವು ದಕ್ಕುವುದಿಲ್ಲ, ಎಣ್ಣೆಯಲ್ಲೇ ಮುಳುಗುತ್ತದೆ. ಹಗುರಾದದ್ದು ಮೇಲಿನ ತಂತಿ ಜಾಲರಿಯ ಜಿಡ್ಡಿಗೆ ಅಂಟುತ್ತದೆ. ಎಣ್ಣೆ ಗುರುತಿನ ತನಕ ಇರಬೇಕು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಹೆಚ್ಚಾದರೆ ಎಂಜಿನ್ ಅದನ್ನೇ ಎಳೆದುಕೊಂಡು ಉರಿಸುತ್ತದೆ. ಡೀಸೆಲ್ ಬಂದ್ ಮಾಡಿದರೂ ನಿಲ್ಲದೆ ಕೂಗುತ್ತಾ ಓಡಿದ ಎಂಜಿನ್ನಿನ ಬಾಯಿಗೆ ಗೋಣಿಚೀಲ ತುರುಕಿ ಉಸಿರು ಕಟ್ಟಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಡಿಮೆಯಾದರೆ ಸದ್ದಿಲ್ಲದ ನಷ್ಟ. ಒಂದೆರಡು ಸುಗ್ಗಿ ಕಳೆಯುವಷ್ಟರಲ್ಲಿ ಪಿಕಪ್ ಬಿದ್ದು, ಬ್ರೀದರ್ ಪೈಪಿನಲ್ಲಿ ಹೊಗೆ ಶುರುವಾಗುತ್ತಿತ್ತು. ಹೆಡ್ ಬಿಚ್ಚಿದಾಗ ಉಸ್ತಾದರು ಲೈನರಿನ ಒಳಗೋಡೆಯಲ್ಲಿ ಉಗುರನ್ನು ಮೇಲಿನಿಂದ ಕೆಳಗೆ ಎಳೆಯುತ್ತಿದ್ದರು. ಮೇಲಿನ ರಿಂಗ್ ತಿರುಗಿ ಬರುವ ಜಾಗದಲ್ಲಿ ಉಗುರು ಟಕ್ಕೆಂದು ಸಿಕ್ಕಿಕೊಂಡರೆ ಮುಗಿಯಿತು. "ವಯಸ್ಸಾಗಿ ಸತ್ತಿಲ್ಲ ಇದು, ಮಣ್ಣು ತಿಂದು ಸತ್ತೈತಿ" ಎನ್ನುತ್ತಿದ್ದರು. ಗಾಡಿ ಮಾಲೀಕ ಸಾಮಾನ್ಯವಾಗಿ ಕಂಪನಿಯನ್ನು ಬೈಯುತ್ತಿದ್ದ.

ಎಣ್ಣೆ ನೋಡುವುದೂ ಒಂದು ವಿದ್ಯೆಯೇ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆ ಕೆಲವೇ ತಾಸಿನಲ್ಲಿ ಕಪ್ಪಾಗುತ್ತದೆ. ಮಸಿಯನ್ನು ತನ್ನೊಳಗೆ ತೇಲಿಸಿಟ್ಟುಕೊಳ್ಳುವುದು ಅದರ ಕೆಲಸ, ಹಾಗಾಗಿ ಬಣ್ಣಕ್ಕೆ ಹೆದರಬೇಕಾಗಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದಾಗ ಗರಗರ ಅಂದರೆ ಮಣ್ಣು. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಹಾಕಿದ್ದಕ್ಕಿಂತ ಮಟ್ಟ ಏರಿ, ತೆಳ್ಳಗಾಗಿ, ಡೀಸೆಲ್ ನಾರುತ್ತಿದ್ದರೆ ಪಂಪನ್ನೋ ನಾಝಲನ್ನೋ ನೋಡಬೇಕು. ಅನುಮಾನ ಉಳಿದರೆ ಡಿಪ್‌ಸ್ಟಿಕ್ಕಿನ ಒಂದು ಹನಿಯನ್ನು ಹಳೆಯ ಪೇಪರಿನ ಖಾಲಿ ಅಂಚಿನ ಮೇಲೆ ಬಿಟ್ಟು ಚಹಾಕ್ಕೆ ಹೋಗುತ್ತಿದ್ದರು. ಬರುವಷ್ಟರಲ್ಲಿ ಹನಿ ಹರಡಿರಬೇಕು. ಹರಡದೆ ನಟ್ಟನಡುವೆ ಕರಿ ಗುಪ್ಪೆಯಾಗಿ ಕೂತಿದ್ದರೆ ಎಣ್ಣೆಯ ಕಸುವು ಮುಗಿದಿದೆ ಎಂದರ್ಥ. ಮೀಟರಿನ ತಾಸು ಎಣಿಸಿ ಎಣ್ಣೆ ಬದಲಿಸುವ ರೂಢಿ ಆಗ ಅಪರೂಪ. ಬಹಳ ಗಾಡಿಗಳಲ್ಲಿ ಮೀಟರೇ ಕೆಟ್ಟಿರುತ್ತಿತ್ತು.

ತುಂಗಭದ್ರೆಯ ಎಡದಂಡೆ ಕಾಲುವೆ ಈ ನಾಡನ್ನು ಬದಲಿಸಿದ ಕಥೆ ಎಲ್ಲರಿಗೂ ಗೊತ್ತು: ವಲಸೆ ಬಂದ ರೈತರ ಕ್ಯಾಂಪುಗಳು ಎದ್ದವು, ಜೋಳದ ಹೊಲ ಸೋನಾ ಮಸೂರಿ ಗದ್ದೆಯಾಯಿತು, ರೈಸ್ ಮಿಲ್ಲುಗಳು ಸಾಲುಗಟ್ಟಿದವು. ನಮ್ಮ ಕಸುಬನ್ನು ತಲೆಕೆಳಗು ಮಾಡಿದ್ದು ಅದರ ಹಿಂದೆ ಬಂದ ಕಟಾವು ಯಂತ್ರ. ಟ್ರ್ಯಾಕ್ಟರು ಧೂಳಿನ ಮುಂದೆ ಓಡುತ್ತದೆ, ಹಾರ್ವೆಸ್ಟರು ತಾನೇ ಎಬ್ಬಿಸಿದ ಧೂಳಿನೊಳಗೆ ನಿಂತು ಉಸಿರಾಡುತ್ತದೆ. ಭತ್ತದ ಧೂಳು ಕಣ್ಣಿಗೆ ಹೊಟ್ಟಿನಂತೆ ಹಗುರ, ಆದರೆ ಗುಣ ಬೇರೆ. ಭತ್ತದ ಗಿಡ ಮಣ್ಣಿನ ಸಿಲಿಕಾವನ್ನು ಹೀರಿ ಹೊಟ್ಟಿನಲ್ಲಿ ಕೂಡಿಡುತ್ತದೆ. ಹೊಟ್ಟು ಸುಟ್ಟ ಬೂದಿಯಲ್ಲಿ ನೂರಕ್ಕೆ 85ರಿಂದ 95 ಪಾಲು ಅದೇ ಇರುತ್ತದೆ. ಮೈಗೆ ತಾಗಿದರೆ ತುರಿಸುವ ಆ ಪುಡಿ ರಿಂಗು ಲೈನರುಗಳ ನಡುವೆ ಹೊಕ್ಕರೆ ಏನು ಮಾಡೀತೆಂದು ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್–ಮೇ ಕಟಾವಿನಲ್ಲಿ ಹಗಲೂ ರಾತ್ರಿ ದುಡಿಯುವ ಯಂತ್ರಕ್ಕೆ ಎಣ್ಣೆ ಬಟ್ಟಲು ಸಾಲಲಿಲ್ಲ. ಅದು ನೂರರಲ್ಲಿ 95ರ ಆಸುಪಾಸು ಧೂಳು ಹಿಡಿದರೆ, ಕಾಗದದ ಫಿಲ್ಟರು 99ಕ್ಕೂ ಹೆಚ್ಚು ಹಿಡಿಯುತ್ತದೆ. ಬಟ್ಟಲು ಹೋಗಿ ಡಬ್ಬಿ ಬಂತು.

ಡಬ್ಬಿ ಒಳ್ಳೆಯದೇ. ಆದರೆ ಅದರ ಬೆನ್ನಿಗೇ ಕಂಪ್ರೆಸರ್ ಪೈಪೂ ಬಂತು. ಫಿಲ್ಟರು ಕಟ್ಟಿದರೆ ಕೆಂಪು ಗುರುತು ಮೂಡುತ್ತದೆ, ಆಗ ತೆಗೆದರೆ ಸಾಕು. ನಮ್ಮವರಿಗೆ ತಾಳ್ಮೆಯಿಲ್ಲ. ದಿನಾ ತೆಗೆದು, ಹೊರಗಿನಿಂದ ಒಳಕ್ಕೆ ರಭಸದ ಗಾಳಿ ಹೊಡೆದು, ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಮಾಡುತ್ತಾರೆ. ಟೈರಿಗೆ ಕುಟ್ಟಿ ರಬ್ಬರಿನ ಅಂಚು ಸೊಟ್ಟಗಾಗಿಸುತ್ತಾರೆ. ಅದಕ್ಕಿಂತ ಕೆಟ್ಟದ್ದು ಫಿಲ್ಟರಿನಾಚೆಯ ಹೋಸ್ ಪೈಪಿನ ಸಡಿಲ ಕ್ಲಿಪ್ಪು. ನಾನೀಗಲೂ ಮೊದಲು ಆ ಪೈಪು ಕಳಚಿ ಒಳಗೆ ಬಿಳಿ ಬಟ್ಟೆ ಒರೆಸುತ್ತೇನೆ. ಬಟ್ಟೆ ಕಂದಾದರೆ ಮಿಕ್ಕ ತಪಾಸಣೆಗೆ ಅವಸರವಿಲ್ಲ.

ಇದೆಲ್ಲ ಹಳ್ಳಿ ಮೇಸ್ತ್ರಿಗಳ ಪಾಡೆಂದುಕೊಂಡಿದ್ದೆ, ಬೆಂಗಳೂರಿನಲ್ಲಿ ಸಣ್ಣ ವಿಮಾನಗಳ ಎಂಜಿನ್ ನೋಡಿಕೊಳ್ಳುತ್ತಿದ್ದವರೊಬ್ಬರು ಪರಿಚಯವಾಗುವ ತನಕ. ಎಣ್ಣೆಯನ್ನೆಲ್ಲ ಸೋಸುವ ಪೂರ್ಣ ಫಿಲ್ಟರ್ ಇರುವ ಲೈಕಮಿಂಗ್ ಎಂಜಿನ್ನಿಗೆ 50 ತಾಸಿಗೊಮ್ಮೆ, ಬರೀ ಜಾಲರಿಯಿದ್ದರೆ 25 ತಾಸಿಗೊಮ್ಮೆ ಎಣ್ಣೆ ಬದಲು. ಹಾರದೆ ನಿಂತಿದ್ದರೂ ನಾಲ್ಕು ತಿಂಗಳು ದಾಟಿಸುವಂತಿಲ್ಲ. ಎಣ್ಣೆಯ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ. ವರದಿಯಲ್ಲಿ ಸಿಲಿಕಾನ್ ಏರಿ, ಜೊತೆಗೆ ಕಬ್ಬಿಣ, ಕ್ರೋಮಿಯಂ ಏರಿದರೆ ಮೊದಲು ಏರ್ ಫಿಲ್ಟರ್ ಬಿಚ್ಚುತ್ತಾರೆ. ಕಾರ್ಬುರೇಟರಿಗೆ ಬಿಸಿಗಾಳಿ ಕೊಡುವ ಸನ್ನೆಯನ್ನು ನೆಲದ ಮೇಲೆ ಸುಮ್ಮನೆ ಎಳೆದಿಡಬಾರದಂತೆ, ಆ ಗಾಳಿ ಫಿಲ್ಟರಿನ ಹಾದಿಯಲ್ಲಿ ಬರುವುದಿಲ್ಲ. ಕೇಳುತ್ತಾ ನಗು ಬಂತು. ಚುನಾವಣೆ ಬಂದಾಗ ನಾಯಕರ ಹೆಲಿಕಾಪ್ಟರ್ ಇಳಿಯುವ ಮೈದಾನಕ್ಕೆ ನಮ್ಮೂರಲ್ಲೂ ಟ್ಯಾಂಕರಿನಿಂದ ನೀರು ಚಿಮುಕಿಸುತ್ತಾರೆ. ಆ ಟ್ಯಾಂಕರ್ ಎಳೆದು ತಂದ ಟ್ರ್ಯಾಕ್ಟರಿನ ಬಟ್ಟಲನ್ನು ಯಾರೂ ಬಿಚ್ಚಿರುವುದಿಲ್ಲ.

ನಿಂತ ಎಂಜಿನ್ನಿನ ಮಾತು ನನಗೆ ಹೆಚ್ಚು ನಾಟಿತು. ಹಾರ್ವೆಸ್ಟರಿಗೆ ವರ್ಷದಲ್ಲಿ ಎರಡೇ ಸುಗ್ಗಿ, ಮಿಕ್ಕ ತಿಂಗಳು ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ನಿಲ್ಲುತ್ತದೆ. ದುಡಿದ ಎಣ್ಣೆಯಲ್ಲಿ ಹುಳಿ, ತೇವ ಸೇರಿರುತ್ತವೆ. ಅದನ್ನೇ ಒಳಗೆ ಬಿಟ್ಟು ನಿಲ್ಲಿಸಿದರೆ ಬೇರಿಂಗು, ಲೈನರು ನಿಂತಲ್ಲೇ ತುಕ್ಕು ಹಿಡಿಯುತ್ತವೆ. ನಿಲ್ಲಿಸುವ ಮುಂಚೆಯೇ ಹೊಸ ಎಣ್ಣೆ ಹಾಕಿ ಎಂದರೆ ಮಾಲೀಕರು ಕೇಳುವುದಿಲ್ಲ. "ಮುಂದಿನ ಸುಗ್ಗಿಗೆ ಹೆಂಗೂ ಹಾಕ್ತೀವಲ್ರಿ" ಎಂಬ ಉತ್ತರ ಸಿದ್ಧವಿರುತ್ತದೆ.

ಈಗ ಗದ್ದೆಗೆ ಔಷಧಿ ಹೊಡೆಯಲು ಡ್ರೋನ್ ಬಂದಿದೆ. ಅದಕ್ಕೆ ಎಣ್ಣೆಯೂ ಇಲ್ಲ, ಏರ್ ಫಿಲ್ಟರೂ ಇಲ್ಲ, ಬ್ಯಾಟರಿ ಮಾತ್ರ. ಮೊನ್ನೆ ಹುಡುಗನೊಬ್ಬ ಕರಕರ ಸದ್ದು ಮಾಡುವ ಅದರ ಮೋಟಾರನ್ನು ಗ್ಯಾರೇಜಿಗೆ ತಂದಿದ್ದ. ಬೇರಿಂಗಿನ ಸುತ್ತ ಮಣ್ಣು ಕೂತಿತ್ತು. ಆ ಅಳತೆಯ ಬೇರಿಂಗ್ ನಮ್ಮಲ್ಲಿ ಸಿಗದೆ ಹೈದರಾಬಾದಿನಿಂದ ತರಿಸಿದೆವು.