ಚಿನ್ನದ ಪಟ್ಟಿ, ಬೆಳ್ಳಿಯ ಪಟ್ಟಿ

ಪನಾಮಾ ಕಾಲುವೆಯನ್ನು ನೋಡಬಂದ ಪ್ರವಾಸಿಗಳು ಸಾಮಾನ್ಯವಾಗಿ ಮೀರಾಫ್ಲೋರೆಸ್‌ನ ಕಟ್ಟೆಯ ಬಳಿ ನಿಂತು, ಭಾರಿ ಹಡಗುಗಳು ನೀರಿನ ಮೆಟ್ಟಿಲುಗಳನ್ನು ಏರಿಳಿಯುವ ಸೋಜಿಗವನ್ನು ಕಣ್ತುಂಬ ಕಂಡು ಹಿಂದಿರುಗುತ್ತಾರೆ. ಅಲ್ಲಿಂದ ಕೆಲವೇ ಮೈಲಿ ದೂರದ ಬಾಲ್ಬೋವಾ ಎಂಬ ಊರಿನಲ್ಲಿ ಕಾಲು ನಿಲ್ಲಿಸುವವರು ವಿರಳ. ಆದರೆ ಕಾಲುವೆಯ ಕತೆಯ ಅರ್ಧ ಭಾಗ ಅಡಗಿರುವುದು ಈ ಊರಿನ ಮನೆಗಳಲ್ಲಿಯೇ.

ಗುಡ್ಡದ ಮೇಲೆ ಕಾಲುವೆಯ ಆಡಳಿತ ಭವನ. ಅದರ ಪಾದದಿಂದ ಹೊರಡುವ ತಾಳೆಮರಗಳ ಸಾಲುಬೀದಿ. ಕಾಲುವೆಯ ಮೂಲ ನೀರುಕೋಣೆಗಳಷ್ಟೇ ಈ ಬೀದಿಯೂ 1000 ಅಡಿ ಉದ್ದ, 110 ಅಡಿ ಅಗಲವೆಂದು ಊರವರು ಹೇಳುತ್ತಾರೆ. ಸುತ್ತಮುತ್ತ, ಆಂಕಾನ್ ಬೆಟ್ಟದ ಮಗ್ಗುಲಲ್ಲಿ, ಅಗಲವಾದ ಸೂರು, ತಂತಿಬಲೆಯ ಜಗಲಿ, ಮುಂದೊಂದು ಹಸಿರು ಅಂಗಳ ಇರುವ ಹಳೆಯ ಮನೆಗಳು. ಸ್ವದೇಶದಿಂದ ಸಾವಿರಾರು ಮೈಲಿ ದೂರ ಬಂದು ದುಡಿದ ಅಮೆರಿಕದ ಇಂಜಿನಿಯರುಗಳಿಗಾಗಿ ಅವರ ಸರ್ಕಾರ ಕಟ್ಟಿಸಿದ ಬಗೆಯ ಮನೆಗಳಿವು.

ಸರ್ಕಾರಕ್ಕೆ ಈ ಔದಾರ್ಯ ಸುಮ್ಮನೆ ಬಂದುದಲ್ಲ. 1881ರಲ್ಲಿ ಅಗೆತ ಆರಂಭಿಸಿದ ಫ್ರೆಂಚರು ಎಂಟು ವರ್ಷಗಳಲ್ಲಿ ಸುಮಾರು ಇಪ್ಪತ್ತು ಸಾವಿರ ಜನರನ್ನು ಕಳೆದುಕೊಂಡು, ದಿವಾಳಿಯಾಗಿ ಕೈಚೆಲ್ಲಿದ್ದರು. 1904ರಲ್ಲಿ ಕೆಲಸ ವಹಿಸಿಕೊಂಡ ಅಮೆರಿಕನ್ನರಿಗೂ ಮೊದಲ ವರ್ಷ ಅದೇ ಗತಿ. ಹಳದಿ ಜ್ವರ ಕಾಣಿಸಿಕೊಂಡೊಡನೆ ಬಂದವರಲ್ಲಿ ಬಹುಪಾಲು ಜನ ಸಿಕ್ಕಿದ ಹಡಗು ಹತ್ತಿದರು. ಮುಖ್ಯ ಇಂಜಿನಿಯರೇ 1905ರ ಜೂನ್ ತಿಂಗಳಲ್ಲಿ ರಾಜೀನಾಮೆ ಕೊಟ್ಟು ಹೊರಟುಹೋದರು.

ಅವರ ಸ್ಥಾನಕ್ಕೆ ಬಂದ ಜಾನ್ ಸ್ಟೀವನ್ಸ್ ರೈಲು ದಾರಿ ಹಾಕಿ ಪಳಗಿದವರು. ಅವರು ಮಾಡಿದ ಮೊದಲ ಕಾರ್ಯ ಅಗೆತವನ್ನೇ ನಿಲ್ಲಿಸಿದ್ದು! ಮೊದಲು ಮನೆ, ಚರಂಡಿ, ಕುಡಿಯುವ ನೀರು, ಆಸ್ಪತ್ರೆ, ಆಮೇಲೆ ಗುದ್ದಲಿ. ವೈದ್ಯ ಗೋರ್ಗಾಸರ ಪಡೆ ಸೊಳ್ಳೆಗಳ ಬೆನ್ನು ಹತ್ತಿತು. ಅದೇ ವರ್ಷದ ನವೆಂಬರ್ ಮುಗಿಯುವುದರೊಳಗೆ ಪನಾಮಾ ನಗರ ಹಳದಿ ಜ್ವರದಿಂದ ಮುಕ್ತವಾಯಿತು.

ಬಂದವರನ್ನು ಉಳಿಸಿಕೊಳ್ಳುವ ಉಪಾಯವೂ ಕ್ರಮವಾಗಿ ರೂಪುಗೊಂಡಿತು. ತಾಯ್ನಾಡಿಗಿಂತ ಹೆಚ್ಚಿನ ಸಂಬಳ, ಬಾಡಿಗೆಯಿಲ್ಲದ ಮನೆ, ಪೀಠೋಪಕರಣ, ಉಚಿತ ವೈದ್ಯೋಪಚಾರ, ಮಕ್ಕಳಿಗೆ ಶಾಲೆ, ವರ್ಷಕ್ಕೆ 42 ದಿನಗಳ ಸಂಬಳಸಹಿತ ರಜೆ. ಒಂಟಿ ಗಂಡಸರು ಬೇಸತ್ತು ಬೇಗನೆ ಹೊರಟುಬಿಡುತ್ತಾರೆಂದು ಅರಿತ ಅಧಿಕಾರಿಗಳು ಸಂಸಾರಸ್ಥರಿಗೆ ಪ್ರತ್ಯೇಕ ಮನೆ ಕೊಟ್ಟರು. ಮನೆಯ ಅಳತೆಗೂ ಒಂದು ಲೆಕ್ಕವಿತ್ತು: ತಿಂಗಳ ಸಂಬಳದ ಒಂದು ಡಾಲರಿಗೆ ಒಂದು ಚದರ ಅಡಿ, ಹೆಂಡತಿ ಬಂದರೆ ಆಕೆಯ ಪಾಲಿಗೆ ಮತ್ತೆ ಅಷ್ಟೇ. ಈ ಸೂತ್ರ ಹೂಡಿದ ಜಾಕ್ಸನ್ ಸ್ಮಿತ್‌ಗೆ ಜನರು ‘ಚದರಡಿ ಸ್ಮಿತ್’ ಎಂದೇ ಹೆಸರಿಟ್ಟರು. ಪರದೇಶದಲ್ಲಿ ಸಂಸಾರ ಹೂಡಿದ ಗೃಹಿಣಿ ಪಕ್ಕದ ಮನೆಯ ಜಗಲಿಯನ್ನು ನೋಡಿಯೇ ಆ ಮನೆಯ ಯಜಮಾನನ ಸಂಬಳವನ್ನು ಅಂದಾಜು ಮಾಡಬಹುದಾಗಿತ್ತು!

ಆದರೆ ಈ ಭಾಗ್ಯವೆಲ್ಲ ‘ಚಿನ್ನದ ಪಟ್ಟಿ’ಯಲ್ಲಿ ಹೆಸರಿದ್ದವರಿಗೆ ಮಾತ್ರ. ಅಮೆರಿಕದ ಚಿನ್ನದ ನಾಣ್ಯದಲ್ಲಿ ಸಂಬಳ ಪಡೆಯುವವರದು ಒಂದು ಪಟ್ಟಿ, ಪನಾಮಾದ ಬೆಳ್ಳಿಯ ನಾಣ್ಯದಲ್ಲಿ ಪಡೆಯುವವರದು ಇನ್ನೊಂದು. ನಾಣ್ಯದ ಭೇದವಾಗಿ ಹುಟ್ಟಿದ್ದು ಬರಬರುತ್ತ ಬಣ್ಣದ ಭೇದವಾಯಿತು. ಅಂಗಡಿ, ಅಂಚೆಮನೆ, ಶಾಲೆ, ಆಸ್ಪತ್ರೆಯ ವಾರ್ಡು, ಎಲ್ಲವೂ ಎರಡೆರಡಾದುವು.

ಬೆಳ್ಳಿಯ ಪಟ್ಟಿಯಲ್ಲಿದ್ದವರಲ್ಲಿ ಹೆಚ್ಚಿನವರು ಬಾರ್ಬಡೋಸ್ ಮೊದಲಾದ ಕೆರಿಬಿಯನ್ ದ್ವೀಪಗಳ ಕರಿಯ ಕೂಲಿಗಳು. ಬಾರ್ಬಡೋಸ್ ಒಂದರಿಂದಲೇ ಸುಮಾರು ಇಪ್ಪತ್ತು ಸಾವಿರ ಜನರನ್ನು ಕರೆತಂದಿದ್ದರು. ಅವರ ಕೂಲಿ ಗಂಟೆಗೆ 10 ಸೆಂಟು. ಚಿನ್ನದವರ ಕಿಟಕಿಗೆ ಸೊಳ್ಳೆ ತಡೆಯುವ ತಂತಿಬಲೆ ಇದ್ದರೆ ಇವರ ವಸತಿಗೆ ಅದಿಲ್ಲ. ಮಳೆಯಲ್ಲಿ ನೆನೆದ ಬಟ್ಟೆಯಲ್ಲಿಯೇ ಮಲಗಿ, ನ್ಯುಮೋನಿಯಾದಿಂದ ಸತ್ತವರು ಅಸಂಖ್ಯ. ಅಮೆರಿಕನ್ನರ ಕಾಲದಲ್ಲಿ ಕಾಯಿಲೆ ಹಾಗೂ ಅಪಘಾತಗಳಿಂದ ಮಡಿದವರೆಂದು ದಾಖಲೆಗೆ ಸೇರಿದವರು 5,609. ಅವರಲ್ಲಿ ಸುಮಾರು 4,500 ಜನ ಈ ಕರಿಯ ಕೆಲಸಗಾರರು. ಅಮೆರಿಕದ ಬಿಳಿಯರು ಸುಮಾರು 350.

1914ರ ಆಗಸ್ಟ್ 15ರಂದು ಕಾಲುವೆ ತೆರೆಯಿತು. ಕುಲೆಬ್ರಾ ಕಣಿವೆಯ ಮೇಲಿದ್ದ ಮುಖ್ಯ ಇಂಜಿನಿಯರ್ ಗೋಥಲ್ಸರ ಮರದ ಮನೆಯನ್ನು ಆ ವರ್ಷವೇ ಬಿಚ್ಚಿ ತಂದು ಬಾಲ್ಬೋವಾದ ಗುಡ್ಡದ ಮೇಲೆ ಮತ್ತೆ ನಿಲ್ಲಿಸಿದರು. ಎರಡು ವರ್ಷ ದುಡಿದ ಅಮೆರಿಕದ ಪ್ರಜೆಗಳಿಗೆ, ಫ್ರೆಂಚರು ಬಿಟ್ಟುಹೋದ ಯಂತ್ರಗಳ ಲೋಹವನ್ನು ಕರಗಿಸಿ ಮಾಡಿದ ಪದಕ ದೊರೆಯಿತು. ಬೆಳ್ಳಿಯವರಿಗೆ ಪದಕವಿಲ್ಲ. ಮುದುಕರಾಗಿ ಕೈಲಾಗದೆ ಕುಳಿತಾಗ, 1937ರ ಶಾಸನವೊಂದು ಅವರಿಗೆ ಸೇವೆಯ ವರ್ಷವೊಂದಕ್ಕೆ ತಿಂಗಳಿಗೊಂದು ಡಾಲರಿನಂತೆ ಪರಿಹಾರ ಕೊಟ್ಟಿತು. ಎಷ್ಟು ವರ್ಷ ದುಡಿದಿದ್ದರೂ 25 ಡಾಲರಿಗೆ ಮಿತಿ.

ಚಿನ್ನ, ಬೆಳ್ಳಿ ಎಂಬ ಹೆಸರುಗಳು 1940ರ ದಶಕದ ಕೊನೆಯಲ್ಲಿ ಅಳಿದರೂ ಅಂತರ ಬೇಗ ಅಳಿಯಲಿಲ್ಲ. ತಮ್ಮ ನಾಡಿನ ನಡುವೆ ಬೇಲಿಯೊಳಗೆ ಹಬ್ಬಿದ್ದ ಆ ಹಸಿರು ಅಂಗಳಗಳನ್ನು ನೋಡುತ್ತ ಬೆಳೆದ ಪನಾಮಾದ ಜನರ ಅಸಮಾಧಾನ 1964ರ ಜನವರಿಯಲ್ಲಿ ರಕ್ತಪಾತಕ್ಕೆ ತಿರುಗಿತು. 1977ರ ಒಪ್ಪಂದದಂತೆ, 1999ರ ಡಿಸೆಂಬರ್ 31ರ ಮಧ್ಯಾಹ್ನ ಕಾಲುವೆ ಪನಾಮಾದ ವಶವಾಯಿತು. ಬಾಲ್ಬೋವಾದ ಹಳೆಯ ಮನೆಗಳ ಜಗಲಿಯಲ್ಲಿ ಇಂದು ಪನಾಮಾದ ಸಂಸಾರಗಳು ಕುಳಿತು ಗಾಳಿ ಸೇವಿಸುತ್ತವೆ. ಬೆಳ್ಳಿಯವರ ನೆನಪಿಗಾಗಿ ನಗರದ ಹಳೆಯ ಚರ್ಚೊಂದರಲ್ಲಿ 1980ರಿಂದ ಒಂದು ಪುಟ್ಟ ವಸ್ತುಸಂಗ್ರಹಾಲಯವಿದೆ.

ಪರದೇಶದ ಉದ್ಯೋಗಕ್ಕೆ ಹೊರಡುವ ಇಂದಿನ ಇಂಜಿನಿಯರನ ಕರಾರುಪತ್ರದಲ್ಲಿಯೂ ಮನೆ, ರಜೆ, ವೈದ್ಯ, ಮಕ್ಕಳ ಶಾಲೆ ಎಂಬ ಅದೇ ಬಾಬುಗಳು ಕಾಣುತ್ತವೆ. ಅವು ಧಣಿಯ ದಾನವಲ್ಲ, ಕೆಲಸದ ನಿಜವಾದ ಖರ್ಚಿನ ಒಂದು ಭಾಗ ಎಂಬುದನ್ನು ಸ್ಟೀವನ್ಸ್ ಅಗೆತ ನಿಲ್ಲಿಸಿ ತೋರಿಸಿದರು. ಆದರೆ ಅದೇ ಖರ್ಚನ್ನು ಗುದ್ದಲಿ ಹಿಡಿದವನ ವಿಷಯದಲ್ಲಿ ಉಳಿಸಿದಾಗ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಅವನು ಅದನ್ನು ತನ್ನ ಆಯುಸ್ಸಿನಿಂದ ತೆತ್ತನು.