ಈಳಗಿ ಎಲ್ಲಿ ಇಟ್ಟಿ?

ನಮ್ಮ ವೈನಿ ಎರಡನೇ ಬಾಣಂತನದಾಗ ಮಾತ ಬಿಟ್ಟಿದ್ಲು. ಕೂಸು ಅತ್ತರೂ ಗ್ವಾಡಿ ನೋಡಕೋತ ಕೂಡತಿದ್ಲು. ಧಾರವಾಡದ ಡಿಮ್ಹಾನ್ಸಿನಾಗ ತಿಂಗಳೊಪ್ಪತ್ತು ಇದ್ದು ಅರಾಮಾಗಿ ಮನಿಗೆ ಬಂದ್ಲು.

ಮೊನ್ನೆ ರೊಟ್ಟಿ ಬಡಕೋತ 'ಶರಪಂಜರ'ದಾಗಿನ ಬೇಂದ್ರೆ ಅಜ್ಜನ ಹಾಡು ಗುನುಗಲಿಕ್ಕೆ ಹತ್ತಿದ್ಲು. ಹಾಡೇನೋ ಪ್ರೀತಿದು ಖರೆ. ಆದ್ರ 1971ರ ಆ ಸಿನೆಮಾದಾಗ ಕಲ್ಪನಾ ಮಾಡಿದ ಕಾವೇರಿಗೂ ಬಾಣಂತನದಾಗನ ಹಿಂಗಾಗಿತ್ತಲ್ರೀ. ದವಾಖಾನಿಯಿಂದ ಅರಾಮಾಗಿ ಬಂದಾಕಿನ್ನ ಮಂದಿ ಹುಚ್ಚಿ ಅನ್ನೋ ಕಣ್ಣಿಲೆ ನೋಡಿ ನೋಡಿ, ಮತ್ತ ತಲಿ ಕೆಡೋಹಂಗ ಮಾಡ್ತಾರ. ಸಣ್ಣಾಕಿದ್ದಾಗ ಅದನ್ನ ನೋಡಿ ಆ ಮಂದೀಗೆ ಭಾಳ ಬೈದಿದ್ದೆ.

ನಿಮ್ಮ ಮುಂದ ಹೇಳಾಕ ನಾಚಿಕಿ: ವೈನಿ ಮನಿಗೆ ಬಂದ ದಿನಾನ ಈಳಗಿ ಮ್ಯಾಲಿನ ಮಾಡದಾಗ ಮುಚ್ಚಿಟ್ಟಾಕಿ ನಾನ.

"ಈಳಗಿ ಎಲ್ಲಿ ಇಟ್ಟಿ, ತಂಗೀ?" ಅಂದ್ಲು.

ತಗದು ಕೊಟ್ಟೆ. ಬದನಿಕಾಯಿ ಹೆಚ್ಚಿದ್ಲು. ಹಾಡು ಮುಂದ ಹೇಳಲಿಲ್ಲ.