ಅನುಕಂಪ ಬೇಡ, ಆಟಕ್ಕೆ ಸೇರಿಸಿಕೊಳ್ಳಿ

ಕುರುಡನ ಹೆಗಲೇರಿ ಕುಂಟ ದಾರಿ ತೋರಿಸಿ, ಇಬ್ಬರೂ ಊರು ಸೇರಿದ ಕತೆಯನ್ನು ನಾವೆಲ್ಲ ಚಿಕ್ಕಂದಿನಲ್ಲೇ ಕೇಳಿದ್ದೇವೆ. ಆದರೆ ಊರು ಸೇರಿದ ಮೇಲೆ ಅವರು ಯಾವುದಕ್ಕೆ ನಕ್ಕರು, ಯಾವುದಕ್ಕೆ ಮುನಿಸಿಕೊಂಡರು ಎಂದು ಯಾರೂ ಹೇಳಲಿಲ್ಲ. ಹದಿಹರೆಯದವರಿಗಾಗಿ ಬರೆಯುವವರು ಕತೆ ಶುರುಮಾಡಬೇಕಾದದ್ದು ಅಲ್ಲಿಂದಲೇ.

ನಮ್ಮ ಪುರಾಣದ ಕತೆಗಳಲ್ಲಿ ಗೂನುಬೆನ್ನಿನ ಮಂಥರೆ ಮನೆಮುರುಕಿ. ಎಂಟು ಕಡೆ ಡೊಂಕಾದ ಅಷ್ಟಾವಕ್ರ ಮಹಾಜ್ಞಾನಿ. ಇವರಿಬ್ಬರ ನಡುವೆ ಗಣಿತದಲ್ಲಿ ಫೇಲಾಗುವ, ಅಮ್ಮನಿಗೆ ಎದುರು ಮಾತಾಡುವ ಸಾಮಾನ್ಯ ಹುಡುಗಿಗೆ ಜಾಗವೇ ಇಲ್ಲ. ಪರದೇಶದ ಕತೆಗಳೂ ಬೇರೆಯಲ್ಲ. 'ಹೈದಿ' ಕಾದಂಬರಿಯ ಕ್ಲಾರಾ, 1911ರ 'ದಿ ಸೀಕ್ರೆಟ್ ಗಾರ್ಡನ್'ನ ಕಾಲಿನ್, ಇಬ್ಬರೂ ಗಾಲಿಕುರ್ಚಿ ಬಿಟ್ಟು ಎದ್ದು ನಡೆದರೆ ಮಾತ್ರ ಸುಖಾಂತ.

ನಾನಿರುವ, ವಿಶಾಖಪಟ್ಟಣದ ಬಳಿಯ ಅಚ್ಯುತಾಪುರಂನಲ್ಲಿ, ನಮ್ಮ ಬೀದಿಯ ಜಗಲಿಯೊಂದರ ಮೇಲೆ ಸಂಜೆ ಹುಡುಗಿಯರು ಕ್ಯಾರಂ ಆಡುತ್ತಾರೆ. ಒಬ್ಬಳ ಕಾಲಿಗೆ ಆಸರೆಯ ಕ್ಯಾಲಿಪರ್ ಇದೆ. ಒಮ್ಮೆ ಅವಳ ಸ್ಟ್ರೈಕರ್ ಗೆರೆಯಿಂದಾಚೆ ಇತ್ತು. 'ತೊಂಡಿ, ತೊಂಡಿ' ಎಂದು ಗೆಳತಿ ಕೂಗಿದಳು, ಮೋಸದಾಟ ಎಂದು. ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು 'ಪೋನೀಲೇ, ಪಾಪಂ' ಅಂದರು, ಹೋಗಲಿ ಬಿಡು, ಪಾಪ ಎಂದು. ಹುಡುಗಿ ಅವರತ್ತ ತಿರುಗಿಯೂ ನೋಡಲಿಲ್ಲ. ಗೆದ್ದಿದ್ದ ಕಾಯೊಂದನ್ನು ದಂಡವಾಗಿ ತಾನೇ ಬೋರ್ಡಿನ ನಡುವೆ ಇಟ್ಟಳು. ಅವಳನ್ನು ಸಮಾನಳೆಂದು ಕಂಡದ್ದು ಪಾಪ ಅಂದವರಲ್ಲ, ಜಗಳಕ್ಕೆ ನಿಂತ ಗೆಳತಿ.

ಈ ಸೀಮೆಗೆ ಸಾಧಕರ ಕತೆಗಳೂ ಗೊತ್ತು. ಹದಿಹರೆಯದಲ್ಲಿ ಬಸ್ ಅಪಘಾತದಿಂದ ಒಂದು ಕಾಲು ಕಳೆದುಕೊಂಡು, ಜೈಪುರ ಕಾಲು ಎಂಬ ಕೃತಕ ಕಾಲು ಕಟ್ಟಿಕೊಂಡೇ ಮತ್ತೆ ಕುಣಿದ ನರ್ತಕಿ ಸುಧಾ ಚಂದ್ರನ್, 1985ರ ತೆಲುಗು ಚಿತ್ರ 'ಮಯೂರಿ'ಯಲ್ಲಿ ತಮ್ಮ ಬದುಕನ್ನು ತಾವೇ ಅಭಿನಯಿಸಿದರು. ವಿಜಯವಾಡದಾಚೆ ಮಚಿಲೀಪಟ್ಟಣದ ಕಡೆಯ ಶ್ರೀಕಾಂತ್ ಬೊಲ್ಲಾ ಹುಟ್ಟಿನಿಂದಲೇ ದೃಷ್ಟಿಹೀನರು. ಹತ್ತನೆಯ ತರಗತಿ ಮುಗಿಸಿ ವಿಜ್ಞಾನ ಓದಲು ಅವರು ಕೋರ್ಟಿಗೆ ಹೋಗಬೇಕಾಯಿತು. ಮುಂದೆ ಅಮೆರಿಕದ ಎಂಐಟಿಯಲ್ಲಿ ಓದಿ ಬಂದು ಉದ್ಯಮ ಕಟ್ಟಿದರು. ಅವರ ಓದಿಗೆ ಅಡ್ಡ ನಿಂತದ್ದು ಕಣ್ಣಲ್ಲ, ನಿಯಮ. ಇಂಥವರನ್ನು ಮೆಚ್ಚೋಣ. ಆದರೆ ಪ್ರತಿ ಮಗುವೂ ಶ್ರೀಕಾಂತ್ ಆಗಿಯೇ ತನ್ನ ಯೋಗ್ಯತೆ ತೋರಿಸಬೇಕೆಂಬುದು ಅನ್ಯಾಯ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ನಮ್ಮ ಕತೆಗಳು ಇನ್ನೂ ಎರಡು ಮೂರರಲ್ಲೇ ಸುತ್ತುತ್ತಿವೆ. ಬರೆಯುವವರೇ, ಕೊನೆಯ ಪುಟದಲ್ಲಿ ನಿಮ್ಮ ಹುಡುಗಿಯನ್ನು ಪವಾಡದಿಂದ ನಡೆಸಬೇಡಿ. ಅವಳ ಶಾಲೆಯ ಮೆಟ್ಟಿಲ ಪಕ್ಕ ಒಂದು ಇಳಿಜಾರು ಕಟ್ಟಿಸಿ, ಸೋತಾಗ ರೇಗಿಸುವ ಗೆಳತಿಯೊಬ್ಬಳನ್ನು ಕೊಡಿ. ಓದುವ ಮಕ್ಕಳಿಗೆ ಉಳಿದದ್ದು ಅರ್ಥವಾಗುತ್ತದೆ.